ಸೊಪ್ರಾನೊ ಕಛೇರಿ: ಹಳೆಯ ಸಂಗೀತ, ಹೊಸ ಸಂಗೀತ ಮತ್ತು ಮಂಗಳೂರು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಎಲ್ಲಕ್ಕಿಂತ ಎತ್ತರದ ಹೆಣ್ಣು ದನಿಗೆ ಸೊಪ್ರಾನೊ ಎಂದು ಹೆಸರು. ಪಿಯಾನೊದ ನಡುವಣ ‘ಸಿ’ ಸ್ವರದಿಂದ, ಅಂದರೆ ಸುಮಾರು 262 ಹರ್ಟ್ಸ್‌ನಿಂದ, ಎರಡು ಸ್ಥಾಯಿ ಮೇಲಿನ ‘ಸಿ’ ತನಕ, ಅಂದರೆ ಸುಮಾರು 1047 ಹರ್ಟ್ಸ್ ತನಕ, ಅದರ ಸಾಮಾನ್ಯ ಹರವು. ಕರ್ನಾಟಕ ಸಂಗೀತದಲ್ಲಿ ಐದು ಮನೆ ಶ್ರುತಿ ಇಟ್ಟುಕೊಂಡು ಹಾಡುವ ಗಾಯಕಿ ತಾರಸ್ಥಾಯಿಯ ಪಂಚಮ ಮುಟ್ಟಿದಾಗ ಸುಮಾರು 587 ಹರ್ಟ್ಸ್‌ನಲ್ಲಿರುತ್ತಾಳೆ. ನಮ್ಮ ಕಛೇರಿಯಲ್ಲಿ ಅದು ಹೆಚ್ಚುಕಡಿಮೆ ಶಿಖರ. ಸೊಪ್ರಾನೊ ಅಲ್ಲಿಂದ ಮುಂದೆ ಇನ್ನೂ ಸುಮಾರು ಒಂದು ಸ್ಥಾಯಿಯಷ್ಟು ಏರಬೇಕು, ಅದೂ ಮೈಕ್ ಇಲ್ಲದೆ. ಈ ದನಿಯ ಗಾಯಕಿಯರಿಗೆ ಎರಡು ದಾರಿಗಳಿವೆ. ಒಂದು ಆಪೆರಾ: ವೇಷ, ರಂಗಸಜ್ಜಿಕೆ, ಕಥೆ, ದೊಡ್ಡ ಆರ್ಕೆಸ್ಟ್ರಾ. ಇನ್ನೊಂದು ಕಛೇರಿ: ಪಿಯಾನೊದ ಪಕ್ಕದಲ್ಲೋ ವಾದ್ಯವೃಂದದ ಮುಂದೆಯೋ ನಿಂತು ಬಿಡಿ ಗೀತೆ, ಗೀತಮಾಲೆ, ಕ್ಯಾಂಟಾಟಾ, ಒರಟೋರಿಯೊ ಹಾಡುವುದು. ಈ ಲೇಖನದ ವಿಷಯ ಎರಡನೆಯದು.

ಇಪ್ಪತ್ತನೆಯ ಶತಮಾನದ ಕಛೇರಿ ಸೊಪ್ರಾನೊಗಳ ಕಾರ್ಯಕ್ರಮ ಪಟ್ಟಿಗಳನ್ನು ಎದುರಿಗಿಟ್ಟುಕೊಂಡರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಹಲವರು 1750ಕ್ಕಿಂತ ಹಿಂದಿನ ಸಂಗೀತವನ್ನೂ ತಮ್ಮ ಕಣ್ಣೆದುರೇ ಬರೆಯಲಾದ ಸಂಗೀತವನ್ನೂ ಹಾಡುತ್ತಾರೆ. ನಡುವಿನ ಹತ್ತೊಂಬತ್ತನೆಯ ಶತಮಾನವನ್ನು, ಅಂದರೆ ಸಾಮಾನ್ಯ ಶ್ರೋತೃ ದುಡ್ಡು ಕೊಟ್ಟು ಕೇಳಬಯಸುವ ಕಾಲವನ್ನು, ಹಾರಿಬಿಡುತ್ತಾರೆ. ಮುನ್ನೂರು ವರ್ಷ ಅಂತರದ ಎರಡು ಸಂಗೀತಗಳು ಒಂದೇ ಗಂಟಲಲ್ಲಿ ಯಾಕೆ ಸಂಧಿಸುತ್ತವೆ? ಗಂಟಲಿನ ಗುಣವೇ ಕಾರಣ ಎಂಬುದು ಸಾಮಾನ್ಯ ಉತ್ತರ. ಆ ಉತ್ತರ ಅರ್ಧ ಮಾತ್ರ ಸರಿ. ಯಾರು ಹಣ ಕೊಡುತ್ತಾರೆ, ಎಲ್ಲಿ ಹಾಡಲಾಗುತ್ತದೆ ಎಂಬ ಎರಡು ಸಂಗತಿಗಳೇ ಹಳೆಯದನ್ನೂ ಹೊಸದನ್ನೂ ಜೋಡಿಸಿವೆ. ಇದಕ್ಕೆ ಸಾಕ್ಷ್ಯ ಲಂಡನ್ ನ್ಯೂಯಾರ್ಕ್‌ಗಳಲ್ಲಿರುವಂತೆ ಮೈಸೂರಿನ ಅರಮನೆಯಲ್ಲೂ ಮಂಗಳೂರಿನ ಚರ್ಚುಗಳಲ್ಲೂ ಇದೆ.

ಗಂಟಲಿನ ವಾದಕ್ಕೆ ಮೊದಲು ನ್ಯಾಯ ಸಲ್ಲಬೇಕು. ದೊಡ್ಡ ಆಪೆರಾ ಮನೆಯಲ್ಲಿ ಎಂಬತ್ತು ವಾದ್ಯಗಳ ಮೇಲೆ ಕೇಳಿಸಬೇಕಾದ ದನಿ ದಪ್ಪಗಾಗುತ್ತದೆ, ಅದರಲ್ಲಿ ಎಡೆಬಿಡದ ಕಂಪನ ಸೇರುತ್ತದೆ. ಬರೋಕ್ ಕಾಲದ ಸಂಗೀತಕ್ಕೆ, ಕರುಳಿನ ತಂತಿಯ ಪಿಟೀಲು, ಹಾರ್ಪ್ಸಿಕಾರ್ಡ್, ಲ್ಯೂಟ್‌ಗಳ ಜೊತೆಗೆ, ಅಂಥ ದನಿ ಹೊಂದುವುದಿಲ್ಲ. ಅಲ್ಲಿ ಸ್ವರ ನೇರವಾಗಿ ನಿಲ್ಲಬೇಕು, ಸಣ್ಣ ಅಲಂಕಾರಗಳು ಬಿಡಿಬಿಡಿಯಾಗಿ ಕೇಳಬೇಕು, ಮಾತು ಅರ್ಥವಾಗಬೇಕು. ಆ ಕಾಲದ ಶ್ರುತಿಯೂ ತಗ್ಗಿನದು: ಇಂದಿನ ‘ಎ’ ಸ್ವರ 440 ಹರ್ಟ್ಸ್ ಆದರೆ ಬರೋಕ್ ವಾದ್ಯಮೇಳಗಳು ಇಂದು ಬಳಸುವುದು 415, ಸುಮಾರು ಅರ್ಧ ಸ್ವರ ಕೆಳಗೆ. ಇದು ಕ್ಷುಲ್ಲಕವಲ್ಲ. ದನಿಯ ಎತ್ತರ ಸುಮಾರು 700 ಹರ್ಟ್ಸ್ ದಾಟಿದ ಮೇಲೆ ಅ, ಇ, ಉಗಳ ನಡುವಿನ ವ್ಯತ್ಯಾಸ ಕರಗತೊಡಗುತ್ತದೆ. ಬಾಯಿಯ ಕುಹರದ ಅನುರಣನಕ್ಕಿಂತ ಹಾಡುವ ಸ್ವರವೇ ಮೇಲೆ ಹೋಗಿರುತ್ತದೆ. ಹೊಸ ಸಂಗೀತದ ಸಂಯೋಜಕರಿಗೂ ಬೇಕಾದದ್ದು ಇದೇ ಗುಣಗಳು: ಕಷ್ಟದ ಅಂತರಗಳಲ್ಲಿ ಗುರಿತಪ್ಪದ ಸ್ವರ, ಬೇಕೆಂದಾಗ ಮಾತ್ರ ಕಂಪನ, ಓದಿದ ತಕ್ಷಣ ಹಾಡಬಲ್ಲ ತರಬೇತಿ. 1949ರಲ್ಲಿ ಹುಟ್ಟಿದ ಎಮ್ಮಾ ಕರ್ಕ್‌ಬಿ ಹಳೆಯ ಸಂಗೀತದ ನೇರದನಿಯ ಮಾದರಿಯಾದರು. ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಬೆಳೆದ ತಲೆಮಾರು ಅದೇ ಗಂಟಲನ್ನು ಹೊಸ ಕೃತಿಗಳಿಗೂ ಒಯ್ದಿತು ಎಂಬುದು ಸುಲಭವಾಗಿ ಒಪ್ಪಬಹುದಾದ ಕಥೆ.

ಆದರೆ ಈ ಕಥೆಯೊಳಗೆ ಕೂರದ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್. 1895ರಲ್ಲಿ ಹುಟ್ಟಿದ ನಾರ್ವೆಯ ಈ ಸೊಪ್ರಾನೊ ವಾಗ್ನರನ ಆಪೆರಾಗಳಿಗೆ ಹೆಸರಾದವರು. ತೆಳುದನಿ, ನೇರದನಿ ಎಂಬ ವಿಶೇಷಣ ಅವರಿಗೆ ಯಾವ ದಿಕ್ಕಿನಿಂದಲೂ ಅಂಟದು. 22 ಮೇ 1950ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ನಿರ್ದೇಶನದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದೊಂದಿಗೆ, ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆ’ಗಳನ್ನು ಮೊದಲ ಬಾರಿಗೆ ಲೋಕಕ್ಕೆ ಹಾಡಿ ತೋರಿಸಿದವರು ಅವರೇ. ಗೀತೆಗಳು 1948ರಲ್ಲಿ ರಚನೆಯಾಗಿದ್ದವು. ಸಂಯೋಜಕ 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ. ಅಂದರೆ ಅಂದಿನ ಮಟ್ಟಿಗೆ ಅದು ಹೊಚ್ಚಹೊಸ ಸಂಗೀತ, ಅದರ ಶೈಲಿ ಎಷ್ಟೇ ಹಿಂದಕ್ಕೆ ನೋಡುತ್ತಿದ್ದರೂ. ಮರುವರ್ಷ, 1951ರಲ್ಲಿ, ಫ್ಲಾಗ್‌ಸ್ಟಾಡ್ ಲಂಡನ್ನಿನ ಪುಟ್ಟ ಮರ್ಮೇಡ್ ರಂಗಮಂದಿರದಲ್ಲಿ ಹದಿನೇಳನೆಯ ಶತಮಾನದ ಹೆನ್ರಿ ಪರ್ಸೆಲ್‌ನ ‘ಡೈಡೊ ಮತ್ತು ಈನಿಯಸ್’ನಲ್ಲಿ ಡೈಡೊ ಆಗಿ ಹಾಡಿದರು. ಸಂಭಾವನೆಯಾಗಿ ಅವರು ಒಪ್ಪಿಕೊಂಡದ್ದು ದಿನಕ್ಕೆರಡು ಪೈಂಟ್ ಕಪ್ಪು ಬಿಯರ್ ಎಂಬುದು ಸಂಗೀತಲೋಕದಲ್ಲಿ ಇಂದಿಗೂ ಓಡಾಡುವ ಮಾತು. ಒಂದೂವರೆ ವರ್ಷದೊಳಗೆ ಒಂದೇ ಗಂಟಲು ಹೊಸದನ್ನೂ ಹಳೆಯದನ್ನೂ ಹಾಡಿತು. ಗಂಟಲು ಎರಡಕ್ಕೂ ಹೇಳಿ ಮಾಡಿಸಿದ್ದಲ್ಲ. ಹಾಗಾದರೆ ಜೋಡಿಸಿದ್ದು ಯಾವುದು?

ಸ್ಟ್ರಾಸ್ ಗೀತೆಗಳ ಮಟ್ಟಿಗೆ ಉತ್ತರ ಮೈಸೂರಿನಲ್ಲಿ ಸಿಗುತ್ತದೆ. ಆ ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ (1919–1974). ಕಛೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿಕೊಡಬೇಕೆಂಬುದು ಅವರ ಅಪೇಕ್ಷೆ. ಅರಮನೆಯಲ್ಲಿ ಆಗಲೇ ಸುಮಾರು ಇಪ್ಪತ್ತು ಸಾವಿರ ಧ್ವನಿಮುದ್ರಿಕೆಗಳ ಸಂಗ್ರಹವಿತ್ತೆಂದು ಅಂದಾಜು. ಆ ಸಂಜೆಯ ಮುದ್ರಣ ಗೊರಗೊರ ಸದ್ದಿನ ನಡುವೆಯೂ ಉಳಿದು ಬಂದಿದೆ. ಕನ್ನಡಿಗರು ಒಡೆಯರನ್ನು ಶ್ರೀವಿದ್ಯಾ ಅಂಕಿತದ 94 ಸಂಸ್ಕೃತ ಕೃತಿಗಳ ವಾಗ್ಗೇಯಕಾರರೆಂದು ನೆನೆಯುತ್ತಾರೆ. ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದಿದ್ದ ಪಿಯಾನೊ ವಾದಕ, ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷ ಎಂಬುದು ನಮ್ಮ ಸಂಗೀತ ಚರಿತ್ರೆಗಳ ಅಡಿಟಿಪ್ಪಣಿಯಲ್ಲೂ ಅಪರೂಪಕ್ಕೆ ಬರುತ್ತದೆ. ಬಡತನದಲ್ಲಿ ಲಂಡನ್ನಿನಲ್ಲಿ ಬದುಕುತ್ತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಸಂಯೋಜಕನೇ ನುಡಿಸಿ ಮುದ್ರಿಸುವಂತೆ ಒಡೆಯರ್ ಮೆಟ್ನರ್ ಸೊಸೈಟಿಯನ್ನು ಹುಟ್ಟುಹಾಕಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಈ ಮುದ್ರಣಗಳಿಗಾಗಿ 1950ರಲ್ಲಿ ಮೆಟ್ನರನ ಪಿಯಾನೊ ಸಹಕಾರದಲ್ಲಿ ಅವನ ಗೀತೆಗಳನ್ನು ಹಾಡಿದವರಲ್ಲಿ ಒಬ್ಬರು ಸೊಪ್ರಾನೊ ಎಲಿಜಬೆತ್ ಶ್ವಾರ್ಟ್ಸ್‌ಕಾಫ್. ಎರಡು ವರ್ಷಗಳ ಬಳಿಕ, 1952ರಲ್ಲಿ, ಫ್ಲಾಗ್‌ಸ್ಟಾಡ್ ‘ಡೈಡೊ’ವನ್ನು ಧ್ವನಿಮುದ್ರಿಸಿದಾಗ ಸಖಿ ಬೆಲಿಂಡಾಳಾಗಿ ಹಾಡಿದವರೂ ಅವರೇ.

ಈ ಎಳೆಗಳನ್ನು ಒಟ್ಟಿಗೆ ಹಿಡಿದು ನೋಡಿದರೆ ಕಾಣುವುದೇನು? ಮೆಟ್ನರನ ಗೀತೆಗಳಿಗೂ ಪರ್ಸೆಲ್‌ನ ಡೈಡೊಗೂ ಸಂಗೀತದ ದೃಷ್ಟಿಯಿಂದ ಬಾದರಾಯಣ ಸಂಬಂಧ. ಆದರೆ ಎರಡೂ ಟಿಕೆಟ್ ಮಾರಿ ಬದುಕುವ ಸಂಗೀತಗಳಲ್ಲ. ಒಂದಕ್ಕೆ ಮೈಸೂರಿನ ಖಜಾನೆ ಬೇಕಾಯಿತು, ಇನ್ನೊಂದಕ್ಕೆ ಮನೆಯ ಹಿತ್ತಲಲ್ಲಿ ಮರ್ಮೇಡ್ ರಂಗಮಂದಿರ ಕಟ್ಟಿಕೊಂಡ ನಟನೊಬ್ಬನ ಹುಚ್ಚು ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಆಪೆರಾ ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ನಿಂತದ್ದರಿಂದ ಅದಕ್ಕಿಂತ ಹಿಂದಿನದೂ ಮುಂದಿನದೂ ಒಂದೇ ಬಗೆಯ ಆಶ್ರಯವನ್ನು ಹುಡುಕಬೇಕಾಯಿತು: ಪೋಷಕ, ಸಣ್ಣ ಸಂಘ, ರೇಡಿಯೊ, ಧ್ವನಿಮುದ್ರಣ ಕಂಪನಿ, ವಿಶ್ವವಿದ್ಯಾಲಯ, ಚರ್ಚು. ಅದೇ ಬಾಗಿಲುಗಳನ್ನು ತಟ್ಟಿದ ಗಾಯಕಿಯರಿಗೆ ಎರಡೂ ಸಂಗೀತ ಎದುರಾದವು.

ಇದಕ್ಕೆ ಅಮೆರಿಕದಲ್ಲಿ ಸಿಗುವ ಪುರಾವೆ ಇನ್ನೂ ನೇರವಾದದ್ದು. ಸೊಪ್ರಾನೊ ಬೆಥನಿ ಬಿಯರ್ಡ್‌ಸ್ಲೀ 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಪ್ರೊ ಮ್ಯೂಸಿಕಾ ಎಂಬ ತಂಡದೊಡನೆ ಮಧ್ಯಯುಗದ ಮತ್ತು ರಿನೈಸಾನ್ಸ್ ಕಾಲದ ಸಂಗೀತ ಹಾಡುತ್ತಿದ್ದರು. ಅದೇ ಬಿಯರ್ಡ್‌ಸ್ಲೀಗಾಗಿ ಮಿಲ್ಟನ್ ಬಾಬಿಟ್ 1964ರಲ್ಲಿ ‘ಫಿಲೊಮೆಲ್’ ಬರೆದರು. ಗಾಯಕಿಯ ಜೀವಂತ ದನಿ, ಅವರದೇ ಮುದ್ರಿತ ದನಿ ಮತ್ತು ಸಿಂಥಸೈಜರ್ ಸದ್ದುಗಳ ನಡುವಿನ ಕೃತಿ ಅದು. ಹಣ ಫೋರ್ಡ್ ಫೌಂಡೇಶನ್‌ನದು. ಅದಕ್ಕೂ ಹಿಂದೆ, 1912ರ ಬರ್ಲಿನ್ನಿನಲ್ಲಿ, ಆರ್ನಲ್ಡ್ ಶೋನ್‌ಬರ್ಗ್‌ನ ‘ಪಿಯರೋ ಲ್ಯೂನೇರ್’ ಹುಟ್ಟಿದ್ದು ಆಲ್ಬರ್ಟೀನ್ ಟ್ಸೇಮೆ ಎಂಬ ನಟಿ ತಾನೇ ಕೇಳಿ ಬರೆಸಿಕೊಂಡದ್ದರಿಂದ. ಹಾಡುವವಳೇ ಪೋಷಕಿಯಾದ ಪ್ರಸಂಗ ಅದು. ಮೆಜ್ಜೊ ದನಿಯ ಕ್ಯಾಥಿ ಬರ್ಬೇರಿಯನ್ ಲುಚಾನೊ ಬೆರಿಯೊನ ‘ಸೆಕ್ವೆಂಜಾ 3’ರಲ್ಲಿ ನಗು, ಗೊಣಗು, ಉಸಿರುಗಳನ್ನೆಲ್ಲ ಹಾಡಾಗಿಸಿದವರು, ನಿಕೊಲಾಸ್ ಹಾರ್ನೊನ್‌ಕೋರ್ಟ್‌ನ ಪ್ರಾಚೀನ ವಾದ್ಯಮೇಳದೊಂದಿಗೆ ಮಾಂಟೆವೆರ್ಡಿಯನ್ನು ಮುದ್ರಿಸಿದವರೂ ಅವರೇ.

ಭಾರತದಲ್ಲಿ ಹುಟ್ಟಿ ಈ ಮಾದರಿಯ ಕಛೇರಿ ಜೀವನ ನಡೆಸಿದವರಲ್ಲಿ ಪ್ಯಾಟ್ರೀಷಿಯಾ ರೊಸಾರಿಯೊ ಅವರ ಹೆಸರು ಮೊದಲು ಬರುತ್ತದೆ. 1960ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಕಲಿತದ್ದು, ಒಡೆಯರ್ ಪದವಿ ಪಡೆದಿದ್ದ ಅದೇ ಗಿಲ್ಡ್‌ಹಾಲ್ ಶಾಲೆಯಲ್ಲಿ. ಟ್ರೆವರ್ ಪಿನಕ್‌ನ ಇಂಗ್ಲಿಷ್ ಕಾನ್ಸರ್ಟ್ ತಂಡದೊಂದಿಗೆ ಹೇಡನ್‌ನ ‘ಸ್ಟಾಬಾಟ್ ಮಾಟೆರ್’ ಮುದ್ರಿಸಿದ ಅವರನ್ನು ಸಂಯೋಜಕ ಜಾನ್ ಟ್ಯಾವೆನರ್ (1944–2013) ತಮ್ಮ ದನಿಯಾಗಿ ಆರಿಸಿಕೊಂಡರು. 1992ರಲ್ಲಿ ಆಲ್ಡೆಬರೊ ಉತ್ಸವದಲ್ಲಿ ಮೊದಲು ಪ್ರದರ್ಶನಗೊಂಡ ‘ಈಜಿಪ್ಟಿನ ಮೇರಿ’ಯ ಮುಖ್ಯ ಪಾತ್ರ ರೊಸಾರಿಯೊ ಅವರದು, ಅಲ್ಲಿಂದ ಮುಂದೆ ಟ್ಯಾವೆನರ್ ಅವರಿಗಾಗಿ ಬರೆದ ಕೃತಿಗಳ ಸಂಖ್ಯೆ ಮೂವತ್ತಕ್ಕೆ ಮೇಲೆ. 1977ರಲ್ಲಿ ಆರ್ಥೊಡಾಕ್ಸ್ ಪಂಥ ಸೇರಿದ್ದ ಟ್ಯಾವೆನರ್ ಬೈಜಾಂಟಿಯನ್ ಪಠಣದ ಧಾಟಿಯನ್ನು, ಅದರಡಿಯಲ್ಲಿ ಒಂದೇ ಸಮನೆ ನಿಲ್ಲುವ ಆಧಾರ ಸ್ವರವನ್ನು ತಮ್ಮ ಸಂಗೀತದ ತಳಪಾಯ ಮಾಡಿಕೊಂಡವರು. ತಂಬೂರಿಯ ನಾದಕ್ಕೆ ಕಿವಿ ಹೊಂದಿಸಿಕೊಂಡವರಿಗೆ ಇದು ಅಪರಿಚಿತವೆನಿಸದು. ಹಳೆಯ ಸಂಗೀತದ ತಂಡ ಹೊಸ ಸಂಗೀತವನ್ನು ಬರೆಸಿದ್ದಕ್ಕೆ ‘ಎಟರ್ನಿಟೀಸ್ ಸನ್‌ರೈಸ್’ ಒಳ್ಳೆಯ ಉದಾಹರಣೆ: ಕ್ರಿಸ್ಟಫರ್ ಹಾಗ್‌ವುಡ್ 1973ರಲ್ಲಿ ಸ್ಥಾಪಿಸಿದ ಅಕಾಡೆಮಿ ಆಫ್ ಏನ್ಷಿಯೆಂಟ್ ಮ್ಯೂಸಿಕ್ ತನ್ನ ಇಪ್ಪತ್ತೈದನೆಯ ವರ್ಷಕ್ಕೆ ಬರೋಕ್ ವಾದ್ಯಗಳಿಗೂ ರೊಸಾರಿಯೊ ಅವರ ದನಿಗೂ ಅದನ್ನು ಬರೆಸಿತು. ಇಲ್ಲಿ ಹಳೆಯದು, ಹೊಸದು ಎಂಬ ಗೆರೆಯೇ ಅಳಿಸಿಹೋಗಿದೆ. ಗೆರೆ ಅಳಿಸಿದ್ದು ಒಂದು ಸಂಸ್ಥೆ. 2003ರಲ್ಲಿ ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ ರಾತ್ರಿಯಿಡೀ ನಡೆದ ‘ದ ವೇಲ್ ಆಫ್ ದ ಟೆಂಪಲ್’ನಲ್ಲೂ ಅವರು ಹಾಡಿದರು. ಅಂಥ ಕೃತಿಗೆ ಆಪೆರಾ ಮನೆ ಜಾಗ ಕೊಡುವುದಿಲ್ಲ. ಇಡೀ ರಾತ್ರಿ ಕೂತು ಕೇಳುವುದು ನಮ್ಮ ಯಕ್ಷಗಾನ ಪ್ರೇಕ್ಷಕರಿಗೆ ಹೊಸತಲ್ಲವಾದರೂ ಲಂಡನ್ನಿಗರಿಗೆ ಅದಕ್ಕೆ ಚರ್ಚೇ ಬೇಕಾಯಿತು.

ಚರ್ಚು ಎಂದ ಮೇಲೆ ಮಂಗಳೂರಿನ ಮಾತಿಗೆ ಬರಬೇಕು. ಬಾಸೆಲ್ ಮಿಷನ್‌ನ ಜರ್ಮನ್, ಸ್ವಿಸ್ ಪಾದ್ರಿಗಳು ಈ ಊರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರ ಅಚ್ಚುಕೂಟ ಶುರುವಾಯಿತು, 1862ರಲ್ಲಿ ಬಲ್ಮಠದಲ್ಲಿ ಇಂದು ಶಾಂತಿ ಕೆಥೆಡ್ರಲ್ ಎನ್ನುವ ದೇವಾಲಯ ಎದ್ದಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. ಚರಿತ್ರೆಕಾರರು ಅಚ್ಚುಮೊಳೆ, ಹಂಚು, ನೇಯ್ಗೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದೇ ಹಡಗಿನಲ್ಲಿ ಬಂದಿಳಿದ ನಾಲ್ಕು ದನಿಯ ಹಾಡುಗಾರಿಕೆಯ ಬಗ್ಗೆ ಅಷ್ಟು ಬರೆದಿಲ್ಲ. ಜರ್ಮನ್ ಕೊರಾಲ್‌ಗಳು, ಅಂದರೆ ಲೂಥರನ ಕಾಲದಿಂದ ಹರಿದುಬಂದ ಸಭಾಗೀತೆಗಳು, ಕನ್ನಡ ಮತ್ತು ತುಳು ಮಾತುಗಳನ್ನು ಹೊತ್ತುಕೊಂಡವು. ಹಂಚಿನ ಕಾರ್ಖಾನೆಯ ಕೆಲಸಗಾರನ ಮನೆಯ ಹುಡುಗಿ ಭಾನುವಾರ ಸೊಪ್ರಾನೊ ಸಾಲಿನಲ್ಲಿ ನಿಂತು ಹಾಡುತ್ತಿದ್ದ ಧಾಟಿ ಹದಿನಾರನೆಯ ಅಥವಾ ಹದಿನೇಳನೆಯ ಶತಮಾನದ್ದು. ಯುರೋಪಿನಲ್ಲಿ ಹಳೆಯ ಸಂಗೀತದ ಪುನರುಜ್ಜೀವನ ಎಂಬ ಚಳವಳಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಲೆ ಎತ್ತುವ ಮೊದಲೇ ಇಲ್ಲಿ ಆ ಸಂಗೀತ ವಾರದ ವಾಡಿಕೆಯಾಗಿತ್ತು. ಅದರ ಪಕ್ಕದಲ್ಲೇ ಹೊಸದೂ ಇತ್ತು. ನಿಘಂಟಿನಿಂದ ಹೆಸರಾದ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಪ್ರಕಟಿಸಿದರು: ಕ್ರಿಸ್ತನ ಕಥೆ, ದೇಶೀ ಛಂದಸ್ಸಿನಲ್ಲಿ, ದೇಶೀ ಧಾಟಿಯಲ್ಲಿ ಹಾಡಲೆಂದು. ಶಾಂತಿ ಕೆಥೆಡ್ರಲ್ ಮತ್ತು ‘ಕಥಾಮಾಲೆ’ ಒಂದೇ ವರ್ಷದವು ಎಂಬುದು ಕಾಕತಾಳೀಯವಿರಬಹುದು. ಆದರೆ ಹಳೆಯ ಕೊರಾಲ್ ಮತ್ತು ಹೊಸ ಕೀರ್ತನೆ ಒಂದೇ ಸಭೆಯಲ್ಲಿ ಅಕ್ಕಪಕ್ಕ ಕೂತದ್ದು ಕಾಕತಾಳೀಯವಲ್ಲ. ಎರಡಕ್ಕೂ ಆಶ್ರಯ ಒಂದೇ.

ಕ್ಯಾಥೊಲಿಕರ ಕಥೆ ಬೇರೆ, ಒಳಗಿನ ತರ್ಕ ಅದೇ. ಬೋಳಾರದ ರೊಜಾರಿಯೊ ಕೆಥೆಡ್ರಲಿನ ಮೂಲ 1568ರಷ್ಟು ಹಿಂದಿನದು. ಟಿಪ್ಪುವಿನ ಕಾಲದ ಸೆರೆಯಲ್ಲಿ, 1784ರಿಂದ 1799ರ ತನಕ, ಸಮುದಾಯವೇ ಊರು ಬಿಟ್ಟಿದ್ದರಿಂದ ಪರಂಪರೆ ಮುರಿದು ಮತ್ತೆ ಕೂಡಿಸಿಕೊಳ್ಳಬೇಕಾಯಿತು. 1878ರ ಕೊನೆಯ ದಿನ ಇಟಲಿಯ ಜೆಸ್ವಿಟರು ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, ಮುಂದೆ ಆಂಟೊನಿಯೊ ಮೊಸ್ಕೆನಿಯ ಚಿತ್ರಗಳಿಂದ ತುಂಬಿದ ಅದರ ಚಾಪೆಲ್. ಲ್ಯಾಟಿನ್ ಪೂಜೆಗೆ ಗ್ರೆಗೋರಿಯನ್ ಪಠಣ, ಹಬ್ಬಕ್ಕೆ ಬಹುದನಿಯ ಹಾಡು. ಆದರೆ ಇಲ್ಲಿ ಸೊಪ್ರಾನೊ ಚರಿತ್ರೆಯ ಒಂದು ಮುಖ್ಯ ತೊಡಕಿದೆ. 22 ನವೆಂಬರ್ 1903ರಂದು ಹತ್ತನೆಯ ಪಿಯುಸ್ ಪೋಪರು ಹೊರಡಿಸಿದ ಆಜ್ಞೆಯ ಪ್ರಕಾರ ಪೂಜಾ ಗಾಯನ ವೃಂದದಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಎತ್ತರದ ದನಿ ಬೇಕಿದ್ದರೆ ಹುಡುಗರಿಂದ ಹಾಡಿಸಬೇಕು. ವ್ಯಾಟಿಕನ್ನಿನ ಸಿಸ್ಟೀನ್ ವೃಂದದಲ್ಲಿ ಆಗಿನ್ನೂ ಅಲೆಸ್ಸಾಂಡ್ರೊ ಮೊರೆಸ್ಕಿ (1858–1922) ಎಂಬ ಕಾಸ್ಟ್ರಾಟೊ, ಅಂದರೆ ಬಾಲ್ಯದಲ್ಲೇ ಬೀಜ ಒಡೆದು ದನಿ ಉಳಿಸಿದ ಗಂಡಸು, ಸೊಪ್ರಾನೊ ಹಾಡುತ್ತಿದ್ದ. ಗಂಡಸನ್ನು ಹೀಗೆ ಮಾಡಿಯಾದರೂ ಹಾಡಿಸಿದ ವ್ಯವಸ್ಥೆ ಹೆಂಗಸಿಗೆ ಬಾಯಿ ಮುಚ್ಚಿಸಿತ್ತು. 1955ರಲ್ಲಿ ಹನ್ನೆರಡನೆಯ ಪಿಯುಸ್ ನಿಯಮ ಸಡಿಲಿಸಿದರು. ಹೆಣ್ಣುದನಿಗೆ ತರಬೇತಿ ಸಿಕ್ಕ ಜಾಗ ಕಾನ್ವೆಂಟ್. ಮಂಗಳೂರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸಂತ ಆನ್ಸ್ ಶಾಲೆ, 1921ರಲ್ಲಿ ಆರಂಭವಾದ ಸಂತ ಆಗ್ನೆಸ್ ಕಾಲೇಜು. ಮತ್ತೆ ಪ್ರಶ್ನೆ ಗಂಟಲಿನದಲ್ಲ, ಅನುಮತಿಯದು.

ಎರಡನೆಯ ವ್ಯಾಟಿಕನ್ ಮಹಾಸಭೆ 4 ಡಿಸೆಂಬರ್ 1963ರಂದು ಅಂಗೀಕರಿಸಿದ ಪೂಜಾವಿಧಿ ಶಾಸನ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿತು: ಗ್ರೆಗೋರಿಯನ್ ಪಠಣಕ್ಕೆ ಅಗ್ರಸ್ಥಾನ, ಜೊತೆಗೆ ಮಿಷನ್ ಪ್ರದೇಶಗಳ ಜನರ ಸ್ವಂತ ಸಂಗೀತಕ್ಕೆ ತಕ್ಕ ಗೌರವ. ಹಳೆಯದನ್ನು ಬಿಡಬೇಡಿ, ಹೊಸದನ್ನು ಬರೆಯಿರಿ ಎಂಬ ಅರ್ಥ ಅದಕ್ಕೆ ಬಂತು. ಪೂಜೆ ಕೊಂಕಣಿಗೂ ಕನ್ನಡಕ್ಕೂ ತಿರುಗಿದಾಗ ಊರೂರಿನ ಗಾಯನ ಮಂಡಳಿಗಳಿಗೆ ಹೊಸ ಗೀತೆಗಳು ತುರ್ತಾಗಿ ಬೇಕಾದವು. ಚರ್ಚಿನ ಹೊರಗೆ ವಿಲ್ಫಿ ರೆಬಿಂಬಸ್ (1942–2010) ಕೊಂಕಣಿ ಹಾಡನ್ನು ವೇದಿಕೆಗೆ ತಂದು ಅದಕ್ಕೆ ಕೇಳುಗರನ್ನು ದೊರಕಿಸಿದರು. ಎರಿಕ್ ಒಜಾರಿಯೊ ನೇತೃತ್ವದಲ್ಲಿ 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಕೊಂಕಣಿಯ ಸ್ವಂತ ನಾದ ಯಾವುದು ಎಂದು ಹುಡುಕಲು ಹೊರಟಿತು. ಅದರ ಕಲಾಂಗಣ ಶಕ್ತಿನಗರದಲ್ಲಿದೆ, ಸುಮೇಳ್ ಎಂಬ ಗಾಯನ ವೃಂದವೂ ಇದೆ. 2008ರ ಜನವರಿ 26ರಂದು ಶುರುಮಾಡಿ ಸತತ 40 ಗಂಟೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಬರೆದದ್ದೂ ಇದೇ ಸಂಸ್ಥೆ. ದಾಖಲೆಗಿಂತ ದೊಡ್ಡ ಸಂಗತಿ ಬೇರೆ ಇದೆ: 40 ಗಂಟೆ ತುಂಬಲು ಬೇಕಾದಷ್ಟು ಹಾಡುಗಳೂ ಹಾಡುವ ದನಿಗಳೂ ಈ ಊರಿನ ಆಸುಪಾಸಿನಲ್ಲಿದ್ದವು.

ಇಲ್ಲೊಂದು ಗಟ್ಟಿ ಆಕ್ಷೇಪ ಏಳುತ್ತದೆ. ಸಭೆಯ ಜೊತೆ ಕೊರಾಲ್ ಹಾಡುವುದು ಪ್ರಾಚೀನ ಸಂಗೀತದ ಪ್ರದರ್ಶನವಲ್ಲ. ಹತ್ತೊಂಬತ್ತನೆಯ ಶತಮಾನದ ಪಾದ್ರಿಗಳು ತಂದದ್ದು ಲಯದ ಏರಿಳಿತ ಸವೆದುಹೋದ, ಹಾರ್ಮೋನಿಯಂ ಮೇಲೆ ನಿಧಾನಕ್ಕೆ ನಡೆಯುವ ಕೊರಾಲ್. ಕೊಯರಿನ ಸೊಪ್ರಾನೊ ಸಾಲಿಗೂ ಏಕಾಂಗಿಯಾಗಿ ನಿಂತು ಮಾಂಟೆವೆರ್ಡಿ ಹಾಡುವವಳಿಗೂ ಹೋಲಿಕೆಯೇ ತಪ್ಪು. ಈ ಆಕ್ಷೇಪದ ಮೊದಲರ್ಧ ನಿಜ. ಪರಂಪರೆಯಾಗಿ ಬಂದದ್ದು ಮತ್ತು ಸಂಶೋಧಿಸಿ ಕಟ್ಟಿದ್ದು ಒಂದೇ ಅಲ್ಲ. ದ್ವಿತೀಯಾರ್ಧ ಮಾತ್ರ ಈ ಲೇಖನದ ವಾದವನ್ನು ಬಲಪಡಿಸುತ್ತದೆ. ಮಂಗಳೂರಿನ ಕೊಯರ್‌ನಿಂದ ಲಂಡನ್ನಿನ ಕಛೇರಿ ವೇದಿಕೆಗೆ ಇರುವ ದೂರ ದನಿಯ ಗುಣದಲ್ಲಿ ಅಳೆಯುವಂಥದ್ದಲ್ಲ. ಚರ್ಚು ಹಾಡಿಸುತ್ತದೆ, ಸಂಭಾವನೆ ಕೊಡುವುದಿಲ್ಲ. ಹೊಸ ಗೀತೆ ಬರೆಸುತ್ತದೆ, ಆದರೆ ಎಲ್ಲರೂ ಹಾಡಲಾಗುವಂಥದ್ದನ್ನೇ ಬರೆಸುತ್ತದೆ. ಒಂಟಿ ದನಿ ಮುಂದೆ ಬಂದು ಮೆರೆಯುವುದನ್ನು ಪೂಜಾವಿಧಿ ಸಂಶಯದಿಂದಲೇ ನೋಡುತ್ತದೆ. ಬಾಕ್‌ನ ಕ್ಯಾಂಟಾಟಾಗಳಿಗೆ ಲೀಪ್ಜಿಗ್ ನಗರ ಸಂಬಳ ಕೊಟ್ಟಿತ್ತು, ವಿವಾಲ್ಡಿಯ ಅನಾಥ ಹುಡುಗಿಯರಿಗೆ ವೆನಿಸ್‌ನ ಪಿಯೆತಾ ಧರ್ಮಶಾಲೆ ಗುರುಗಳನ್ನು ನೇಮಿಸಿತ್ತು. ಹಾಗೆ ಗೊತ್ತುಪಡಿಸಿದ ಹಣ ಸಿಕ್ಕಲ್ಲಿ ಚರ್ಚಿನ ದನಿಯೂ ಕಲಾವಿದೆಯ ದನಿಯಾಗಿದೆ.

ಹಣ ಮತ್ತು ವೇದಿಕೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷ್ಯವನ್ನು ಪಾಶ್ಚಾತ್ಯ ಸಂಗೀತದಲ್ಲೇ ಹುಡುಕಬೇಕಿಲ್ಲ. ಕಾಸರಗೋಡಿನ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಕರ್ನಾಟಕ ಸಂಗೀತ ಕಲಿತು ತೆಂಕುತಿಟ್ಟು ಯಕ್ಷಗಾನದ ವೃತ್ತಿಪರ ಭಾಗವತರಾದ ಮೊದಲ ಮಹಿಳೆ; 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಯಕ್ಷಗಾನದ ಹಾಡು ಚೆಂಡೆ ಮದ್ದಳೆಗಳ ಅಬ್ಬರದ ಮೇಲೆ ಕೇಳಬೇಕಾದದ್ದು, ಗಂಡುದನಿಗೆಂದೇ ಬೆಳೆದದ್ದು. ಹೆಂಗಸಿನ ದನಿಗೆ ಅದು ಒಗ್ಗದು ಎಂಬುದು ಅದುವರೆಗಿನ ‘ಗಂಟಲಿನ ವಾದ’. ಆ ವಾದಕ್ಕೆ ಉತ್ತರ ಸಿಕ್ಕಿದ್ದು ಮೇಳವೊಂದು ಅವರನ್ನು ಭಾಗವತಿಕೆಗೆ ಕೂರಿಸಿ ತಿರುಗಾಟಕ್ಕೆ ಕರೆದೊಯ್ದಾಗ. ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಡುತ್ತ ಪಾಡ್ದನ ಹಾಡಿದ ಹೆಣ್ಣುದನಿಗಳು ಎಷ್ಟೋ ತಲೆಮಾರುಗಳಿಂದ ಇದ್ದವು, ದನಿಗೆ ಬರವಿರಲಿಲ್ಲ.

ಇನ್ನೊಂದು ಆಕ್ಷೇಪ ಭಾವನೆಯದು, ಹಾಗೆಂದು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಇದೆಲ್ಲ ವಸಾಹತು ಕಾಲದ ಆಮದು, ನಮ್ಮ ಸಂಗೀತ ಚರಿತ್ರೆಯಲ್ಲಿ ಇದಕ್ಕೇಕೆ ಜಾಗ ಎನ್ನುವವರಿದ್ದಾರೆ. ಸೊಪ್ರಾನೊ ಗಾಯನ ಬಂದದ್ದು ಹೊರಗಿನಿಂದ, ಬಂದ ದಾರಿಯಲ್ಲಿ ಅಧಿಕಾರದ ನೆರಳೂ ಇತ್ತು. ಆದರೆ ಪಿಟೀಲು, ಹಾರ್ಮೋನಿಯಂ ಬಂದದ್ದೂ ಹಾಗೆಯೇ. ಮಂಗಳೂರು ಸೀಮೆಯ ಕದ್ರಿ ಗೋಪಾಲನಾಥರು (1949–2019) ಬ್ಯಾಂಡ್ ವಾದ್ಯವಾಗಿದ್ದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಕೂರಿಸಿದರು. ನೂರೈವತ್ತಕ್ಕೂ ಹೆಚ್ಚು ವರ್ಷ ಕನ್ನಡ, ತುಳು, ಕೊಂಕಣಿ ಮಾತುಗಳನ್ನು ಹೊತ್ತ ಹಾಡುಗಾರಿಕೆಯನ್ನು ಇನ್ನೂ ಅತಿಥಿಯೆಂದೇ ಕರೆಯುವುದಾದರೆ ಅತಿಥಿಸತ್ಕಾರ ತೀರಾ ಉದ್ದವಾಯಿತು. ಮಾಂಡ್ ಸೊಭಾಣದಂಥ ಸಂಸ್ಥೆಗಳು ಆಮದಿನ ಛಾಯೆ ಕಳಚಲು ಮಾಡಿದ ಯತ್ನವೂ ಈ ಚರಿತ್ರೆಯ ಒಳಗಿನದೇ.

ಕೊನೆಯ ಆಕ್ಷೇಪ ವಾದದ ಬುಡಕ್ಕೇ ಬರುತ್ತದೆ: ಪೋಷಣೆಯೇ ಎಲ್ಲಕ್ಕೂ ಕಾರಣವಾದರೆ, ಸ್ಟ್ರಾಸ್ ಗೀತೆಗಳಿಗೆ ಹಣ ಕೊಟ್ಟ ಮೈಸೂರಿನಲ್ಲಿ ಒಬ್ಬ ಸೊಪ್ರಾನೊ ಯಾಕೆ ಬೆಳೆಯಲಿಲ್ಲ? ಯಾಕೆಂದರೆ ಒಡೆಯರ ಹಣ ಹೋದದ್ದು ಕೃತಿಗಳಿಗೆ ಮತ್ತು ಧ್ವನಿಮುದ್ರಣಕ್ಕೆ. ಹಾಡಿದ್ದು ಲಂಡನ್ನಿನಲ್ಲಿ, ಮೈಸೂರಿಗೆ ಬಂದದ್ದು ತಟ್ಟೆಗಳು. ಸಂಸ್ಥಾನದ ಕಾಲ ಮುಗಿದು, 1951ರಲ್ಲಿ ಮೆಟ್ನರನೂ ತೀರಿಕೊಂಡ ಮೇಲೆ ಆ ಅಧ್ಯಾಯ ಮುಚ್ಚಿತು. ಮಂಗಳೂರಿನ ಚರ್ಚುಗಳದು ಇದಕ್ಕೆ ತಿರುಗುಮುರುಗು: ಹಣ ಕಡಿಮೆ, ಆದರೆ ದನಿ ಇಲ್ಲೇ ಬೆಳೆಯಿತು, ಒಬ್ಬ ವ್ಯಕ್ತಿ ಹೋದರೆ ನಿಲ್ಲುವಂಥದ್ದಾಗಿರಲಿಲ್ಲ. ಕಛೇರಿ ಜೀವನಕ್ಕೆ ಎರಡೂ ಒಂದೇ ಕಡೆ ಕೂಡಬೇಕು. ಈಚೆಗೆ ಆ ದಿಕ್ಕಿನಲ್ಲಿ ಕೆಲವು ವ್ಯವಸ್ಥೆಗಳು ಕಾಣಿಸಿವೆ. ಬೆಂಗಳೂರಿನಲ್ಲಿ ಅರುಣಾ ಸುಂದರ್‌ಲಾಲ್ 1987ರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರಂಭಿಸಿದರು. ಮುಂಬೈಯಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ರೊಸಾರಿಯೊ ಮತ್ತು ಅವರ ಪತಿ, ಪಿಯಾನೊ ವಾದಕ ಮಾರ್ಕ್ ಟ್ರೂಪ್, ‘ಗಿವಿಂಗ್ ವಾಯ್ಸ್ ಟು ಇಂಡಿಯಾ’ ಎಂಬ ಯೋಜನೆಯಡಿ ಭಾರತದ ಗಾಯಕ ಗಾಯಕಿಯರಿಗೆ ಇಲ್ಲೇ ಬಂದು ತರಬೇತಿ ನೀಡುತ್ತ ಬಂದಿದ್ದಾರೆ. ಹಾಡಲು ಬೇಕಾದ ಸರಕಿಗೆ ಮಂಗಳೂರಿನಲ್ಲಿ ಕೊರತೆಯಿಲ್ಲ: ಕೊರಾಲ್‌ಗಳ ಕನ್ನಡ, ತುಳು ಪಾಠಗಳಿವೆ, ಕಿಟ್ಟೆಲರ ಕಥಾಮಾಲೆಯಿದೆ, 1963ರ ನಂತರದ ಕೊಂಕಣಿ ಗೀತೆಗಳ ರಾಶಿಯಿದೆ. ಇವುಗಳಲ್ಲಿ ಒಂದನ್ನು ಒಂಟಿ ಸೊಪ್ರಾನೊ ದನಿಗೆಂದು, ಸಂಭಾವನೆ ಗೊತ್ತುಮಾಡಿ, ಸಂಯೋಜಕನಿಂದ ಹೊಸದಾಗಿ ಬರೆಸಲು ಬೇಕಾದ ಮೊತ್ತ ಒಂದು ರಾತ್ರಿಯ ಯಕ್ಷಗಾನ ಮೇಳದ ಆಟ ಆಡಿಸುವ ಖರ್ಚಿಗಿಂತ ಬಹಳ ಹೆಚ್ಚಾಗಲಾರದು. ಆಟಕ್ಕೆ ಹರಕೆ ಹೊತ್ತ ಮನೆಗಳು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತವೆ, ಈ ಹಾಡಿಗೆ ಅಂಥ ಹರಕೆದಾರರು ಇನ್ನೂ ಹುಟ್ಟಿಕೊಳ್ಳಬೇಕಿದೆ.